ಉಪ್ಪುನೀರಿನ ಬೆಳಗು

ಒಂದು ನಾಟಕ ಕಂಪನಿಯಲ್ಲಿ ಮೌಲಾಸಾಬ ಎಂಬ ದೀಪದ ಮೇಸ್ತ್ರಿಯಿದ್ದ. ವೇದಿಕೆಯ ಬೆಳಗು, ಬೈಗು, ಬೆಳದಿಂಗಳು ಎಲ್ಲ ಅವನ ಕೈಯಲ್ಲೇ ಹುಟ್ಟುತ್ತಿದ್ದವು. ಪರದೆಯ ಮರೆಯಲ್ಲಿ ಅವನದೊಂದು ದೊಡ್ಡ ಜಾಡಿ, ಅದರ ತುಂಬ ಉಪ್ಪುನೀರು. ತಳದಲ್ಲೊಂದು ತಗಡು, ಮೇಲೆ ಹಗ್ಗಕ್ಕೆ ತೂಗಿಬಿಟ್ಟ ಇನ್ನೊಂದು ತಗಡು. ಕರೆಂಟು ಆ ನೀರನ್ನು ದಾಟಿಯೇ ಬಲ್ಬಿಗೆ ಹೋಗಬೇಕು. ತಗಡುಗಳು ದೂರವಿದ್ದರೆ ನೀರಿನ ತಡೆ ಹೆಚ್ಚು, ಬಲ್ಬು ಮಂಕು. ಹಗ್ಗ ಸಡಿಲಿಸಿ ಹತ್ತಿರ ತಂದಷ್ಟೂ ತಡೆ ಕಡಿಮೆ, ಬೆಳಕು ಹೆಚ್ಚು.

ಅವನ ಬಳಿ ಕೆಲಸ ಕಲಿಯುತ್ತಿದ್ದ ಚಂಪಾಳಿಗೆ ಈ ನಿಧಾನವೆಂದರೆ ಬೇಸರ.

“ಕಾಕಾ, ಈ ನೀರು ಸುಮ್ನ ಕರೆಂಟಿಗೆ ಅಡ್ಡ ನಿಂತೈತಿ. ತಂತಿ ನೇರ ಜೋಡಿಸಿದ್ರ ಬಲ್ಬು ಫಳಫಳ ಹೊಳೀತಾವ,” ಎಂದಳು.

“ಹೊಳೀತಾವ, ತಂಗಿ. ಆದ್ರ ಬೆಳಗಾಗೂದಿಲ್ಲ,” ಎಂದ ಮೌಲಾಸಾಬ.

ತಾಲೀಮಿನ ದಿನ ಅವನು ಚಹಾಕ್ಕೆ ಹೋದಾಗ ಚಂಪಾ ತಂತಿಯನ್ನು ನೇರ ಜೋಡಿಸಿಯೇಬಿಟ್ಟಳು. ಹಿರಿಯ ನಟಿ ತುಂಗಾಬಾಯಿ ಕಣ್ಣಿನ ಆಪರೇಶನ್ ಆದಮೇಲೆ ಮೊದಲ ಸಲ ವೇದಿಕೆಗೆ ಬಂದಿದ್ದಳು. ಕತ್ತಲಲ್ಲಿ ಅರಮನೆಯ ಮೆಟ್ಟಿಲಿಳಿಯುತ್ತ ಬೆಳಗಿನ ಹಾಡು ಎತ್ತಿದಳು. ಚಂಪಾ ಸ್ವಿಚ್ಚು ಒತ್ತಿದಳು. ಬೆಳಕು ಆಕೆಯ ಮುಖಕ್ಕೆ ರಾಚಿತು.

ಹಾಡು ತುಂಡಾಯಿತು. ತುಂಗಾಬಾಯಿ ಕಣ್ಣು ಮುಚ್ಚಿಕೊಂಡು ಮೆಟ್ಟಿಲ ಮೇಲೆಯೇ ಕುಸಿದಳು. “ಯವ್ವಾ, ಏನೂ ಕಾಣವಲ್ದು! ಇನ್ನ ನನ್ನ ಕೈಲೆ ಆಗೂದಿಲ್ಲ.”

ಚಂಪಾ ಸ್ವಿಚ್ಚು ಆರಿಸಿದಳು. ಓಡಿಹೋಗಿ ಆಕೆಯ ಕೈ ಹಿಡಿದಳು. “ತಪ್ಪು ನಂದೈತ್ರಿ, ಅಕ್ಕಾರ. ಇನ್ನೊಂದ್ಸಲ ನನ್ನ ನಂಬ್ರಿ.” ತುಂಗಾಬಾಯಿ ಒಪ್ಪಿ ಎದ್ದಳು.

ಸುದ್ದಿ ಕೇಳಿದ ಮೌಲಾಸಾಬ ಬೈಯಲಿಲ್ಲ. ತಂತಿಯನ್ನು ಮತ್ತೆ ಜಾಡಿಗೆ ಜೋಡಿಸಿ, ಹಗ್ಗವನ್ನು ಚಂಪಾಳ ಕೈಗೇ ಕೊಟ್ಟ. “ಬಲ್ಬು ನೋಡಬ್ಯಾಡ. ಅಕ್ಕಾರ ಮುಖ ನೋಡಿ ಹಗ್ಗಾ ಬಿಡು.”

ರವಿವಾರ ಮಧ್ಯಾಹ್ನದ ಆಟ. ಬಾಗಿಲು ಮುಚ್ಚಿದ ಥಿಯೇಟರಿನೊಳಗೆ ಗವ್ವೆನ್ನುವ ಕತ್ತಲು. ತುಂಗಾಬಾಯಿ ಒಂದು ಮೆಟ್ಟಿಲು ಇಳಿದಳು. ಚಂಪಾ ಬೆರಳಗಲ ಹಗ್ಗ ಬಿಟ್ಟಳು. ಬಲ್ಬಿನಲ್ಲಿ ಕೆಂಡದಂಥ ಕೆಂಪು. ಇನ್ನೊಂದು ಮೆಟ್ಟಿಲು, ಇನ್ನೊಂದು ಬೆರಳು. ಕೆಂಪು ಕರಗಿ ಹೊಂಬಣ್ಣವಾಯಿತು. ಆಕೆಯ ರೆಪ್ಪೆ ಅದುರಿದಲ್ಲೆಲ್ಲ ಚಂಪಾಳ ಕೈ ನಿಂತಿತು. ಹಾಡು, ಬೆಳಕು ಎರಡೂ ಮಂಜಿನಂತೆ ಹರಡುತ್ತ ಹೋದವು. ಮುಂದಿನ ಸಾಲಲ್ಲಿ ತೂಕಡಿಸುತ್ತಿದ್ದ ಅಜ್ಜಿಯೊಬ್ಬಳು ಎಚ್ಚೆತ್ತು, ಸೂರ್ಯ ಹುಟ್ಟಿದನೆಂದೇ ಕೈಮುಗಿದಳು.

ಪರದೆ ಬಿದ್ದ ಮೇಲೆ ತುಂಗಾಬಾಯಿ ಚಂಪಾಳನ್ನು ಹುಡುಕಿಕೊಂಡು ಬಂದಳು. ಅವಳ ಕೆನ್ನೆ ಸವರಿ, “ಇವತ್ತ ಬೆಳಕು ನನ್ನ ಕೈ ಹಿಡಿದು ಇಳಿಸಿತವ್ವಾ,” ಎಂದಳು.

ನೀತಿ: ನಮ್ಮಲ್ಲಿರುವುದನ್ನೆಲ್ಲ ಒಮ್ಮೆಲೇ ಸುರಿದರೆ ಎದುರಿಗಿದ್ದವರ ಕಣ್ಣು ಕತ್ತಲಾಗುತ್ತದೆ. ಅವರು ತಾಳುವಷ್ಟನ್ನೇ ತಡೆತಡೆದು ಕೊಟ್ಟಾಗ ಅದು ಬೆಳಕಾಗುತ್ತದೆ.