ದಡ ಮುಟ್ಟಿದವರು

“ಗುರುಗಳೇ, ಕಲಿಸಿದ ಕೆಲಸ ಸೇವಕರ ಕೈಗೆ ಹತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?” ಎಂದು ಚನ್ನವೀರ ಕೇಳಿದ.

ಮಠದ ಶುಶ್ರೂಷೆಯ ಮನೆಗೆ ಬಂದ ಹೊಸ ಸೇವಕರನ್ನು ತರಬೇತಿ ಕೊಟ್ಟು ತಯಾರು ಮಾಡಿದವನು ಅವನೇ. ರೋಗಿ ಕರೆದರೆ ಎಷ್ಟು ಬೇಗ ಬರುತ್ತಾರೆಂದು ದಿನವೂ ಪರೀಕ್ಷಿಸುತ್ತಿದ್ದ. ಎಲ್ಲರೂ ಓಡಿಯೇ ಬರುತ್ತಿದ್ದರು. ಆದರೂ ನಿನ್ನೆ ಒಬ್ಬ ರೋಗಿ ಯಾರ ಗಮನಕ್ಕೂ ಬಾರದೆ ತೀರಿಕೊಂಡಿದ್ದ. ಚನ್ನವೀರನಿಗೆ ಅನ್ನ ಸೇರಿರಲಿಲ್ಲ.

ಗುರುಗಳು ಕತೆ ಹೇಳಿದರು.

ಒಬ್ಬ ವರ್ತಕ ಹೊಳೆ ದಾಟಿಸುವ ದೋಣಿಗಳನ್ನಿಟ್ಟಿದ್ದ. ಬಯಲುಸೀಮೆಯಿಂದ ಬಂದ ಅವನ ಆಳುಗಳಿಗೆ ಈಜು ಬಾರದು. ಕಲಿಸಲು ಒಬ್ಬ ಅಂಬಿಗನನ್ನು ನೇಮಿಸಿದ. ಅಂಬಿಗ ಮೊದಲು ಈಜು ಕಲಿಸಿದ. ಆಮೇಲೆ, ಮುಳುಗುತ್ತಿರುವವರ ಜುಟ್ಟು ಹಿಡಿದು ಎಳೆದು ತರುವುದನ್ನು ಕಲಿಸತೊಡಗಿದ. ವರ್ತಕನಾದರೋ ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವವನು. ಈಜನ್ನು ದಡದಲ್ಲಿ ನಿಂತೇ ನೋಡಬಹುದು. ಇನ್ನೊಂದನ್ನು ಪರೀಕ್ಷಿಸಬೇಕಾದರೆ ಯಾರಾದರೂ ಮುಳುಗಬೇಕು. ಆ ತಾಪತ್ರಯ ಯಾರಿಗೆ ಬೇಕು? ವಾರವಾರವೂ ಪಂದ್ಯವಿಟ್ಟು, ಮೊದಲು ದಡ ಮುಟ್ಟಿದವನ ತಲೆಗೆ ತಾನೇ ಜರಿ ರುಮಾಲು ಸುತ್ತಿ ಬೆನ್ನು ತಟ್ಟಿದ. ಆಳುಗಳು ಮೀನಿನಂತೆ ಈಜತೊಡಗಿದರು. ಅಂಬಿಗನ ಎರಡನೆಯ ಪಾಠಕ್ಕೆ ಬರುವವರೇ ಇಲ್ಲವಾದರು.

ಆಷಾಢ ಕಳೆಯಿತು. ಹೊಳೆ ತುಂಬಿ ಹರಿಯುತ್ತಿತ್ತು. ತವರಿಗೆ ಬಂದಿದ್ದ ವರ್ತಕನ ಮಗಳು ಗಂಡನ ಮನೆಗೆ ಹೊರಟು ಅಪ್ಪನ ದೋಣಿಯನ್ನೇ ಹತ್ತಿದಳು. ನಡುಹೊಳೆಯಲ್ಲಿ ದೋಣಿ ಮಗುಚಿತು. ಆಳುಗಳೆಲ್ಲ ದಡ ಸೇರಿದರು. ಮಗಳು ಸೇರಲಿಲ್ಲ.

ಸುದ್ದಿ ಕೇಳಿ ವರ್ತಕ ದಡಕ್ಕೆ ಓಡಿ ಬಂದ. ಮೊದಲು ದಡ ಮುಟ್ಟಿದವನ ಹೆಗಲು ಹಿಡಿದು ಅಲುಗಿಸಿದ.

“ಅಯ್ಯೋ ಪಾಪಿ, ನನ್ನ ಮಗಳು ಕೈ ಚಾಚಿದ್ದು ಕಾಣಲಿಲ್ಲವೇನೋ?”

“ಕಂಡೆ ಧಣಿ,” ಎಂದ ಆಳು. ಅವನೂ ಅಳುತ್ತಿದ್ದ. “ತಿರುಗಿದರೆ ಹಿಂದೆ ಬೀಳುತ್ತೇನೆ ಅನ್ನಿಸಿತು.”

ವರ್ತಕನಿಗೆ ಅವನನ್ನು ಹೊಡೆಯಲು ಕೈ ಏಳಲಿಲ್ಲ. ಆ ತಲೆಗೆ ರುಮಾಲು ಸುತ್ತಿದ ಕೈ ತನ್ನದೇ ಎಂಬುದು ಅವನಿಗೆ ಗೊತ್ತಿತ್ತು.

ಕತೆ ಮುಗಿಯಿತು. ಚನ್ನವೀರ ಉತ್ತರಕ್ಕಾಗಿ ಕಾದ. ಗುರುಗಳು ಅವನ ಮುಖ ನೋಡಿ ಕೇಳಿದರು:

“ಚನ್ನವೀರ, ನಿನ್ನೆ ತೀರಿಕೊಂಡವನಿಗೆ ಕರೆಯುವಷ್ಟು ದನಿ ಇತ್ತೇನಪ್ಪಾ?”