ಬಳೆ ಅಳತೆಗೆ ಹೋದ ಕೋಳಿ

ಕಾಲು ಒದೀಬೇಡ, ಕಣ್ಮುಚ್ಚು, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ನಿಮ್ಮ ತಾತನಿಗಿಂತ ಉದ್ದ ಮೀಸೆಯ ಒಬ್ಬ ರಾಜ ಇದ್ದನಂತೆ. ಅವನಿಗೆ ಮೂರು ಜನ ಗಂಡುಮಕ್ಕಳು, ಅವರ ಬೆನ್ನಿಗೆ ಒಬ್ಬಳೇ ಮಗಳು ಹೊನ್ನಾಜಿ. ಅವಳು ಬಸುರಿಯಾಗಿ ತವರಿಗೆ ಬಂದಳಂತೆ. ಬಸುರಿ ಬಯಕೆ ಅಂದ್ರೆ ಎಲ್ಲರೂ ಮಾವಿನಕಾಯಿ ಕೇಳ್ತಾರೆ. ಇವಳು ಮಾತ್ರ, ರಾಜ್ಯದ ಹೆಂಗಸರೆಲ್ಲರ ಕೈಯಲ್ಲೂ ಹೊಸ ಬಳೆ ಘಲ್ ಅನ್ನೋದು ಕೇಳಬೇಕು, ಅಲ್ಲೀವರೆಗೂ ಬರೀ ಮಜ್ಜಿಗೆ, ತುತ್ತು ಮುಟ್ಟಲ್ಲ ಅಂತ ಹಟ ಹಿಡಿದು ಕೂತಳಂತೆ.

ಯಾವ ಅಳತೆಗೆ ಮಾಡ್ಲಿ ಬುದ್ಧೀ ಅಂತ ಬಳೆಗಾರ ಕೇಳಿದ. ಹೋಗ್ರಪ್ಪಾ, ಕೈ ಅಳೆದು ಬನ್ನಿ ಅಂತ ರಾಜ ಮಕ್ಕಳನ್ನ ಅಟ್ಟಿದ.

ದೊಡ್ಡವನಿಗೆ ಬಿಸಿಲು ಅಂದ್ರೆ ಆಗದು. ಅರಮನೆ ಒಳಗೇ ತುಪ್ಪ ತಿಂದು ಗುಂಡಗಾಗಿದ್ದ ಅತ್ತೆ, ಚಿಕ್ಕಮ್ಮಂದಿರ ಕೈ ಅಳೆದು ಮುಗಿಸಿದನಂತೆ. ಆ ಅಳತೆಗೆ ಮಾಡಿಸಿದ ಬಳೆ ಹಂಚಿದ್ರೆ, ನಾಟಿ ಮಾಡೋರದ್ದು ಕೆಸರಿಗೆ ಬಿತ್ತು, ನೀರು ಸೇದೋರದ್ದು ಬಾವಿಗೆ ಬಿತ್ತು, ಹಿಟ್ಟು ತೊಳಸೋಳದ್ದು ಮುದ್ದೆ ಒಳಗೇ ಹೋಯ್ತು! ಅವಳ ಗಂಡ ಮುದ್ದೆ ಮುರೀತಾ ಕಿರುಚ್ಕೊಂಡನಂತೆ.

ಆಮೇಲೆ ನಡುವಿನವನು ಅರಳಿಕಟ್ಟೆ ಮೇಲೆ ಕೂತು, ಬಳೆ ಬೇಕಾದೋರು ಬನ್ನಿ ಅಂತ ಡಂಗುರ ಸಾರಿಸಿದ. ಕೆಲಸ ಬಿಟ್ಟು ಯಾರು ಬರ್ತಾರೆ? ನಿನ್ನಂಥ ಚಿಳ್ಳೆಪಿಳ್ಳೆಗಳೇ ಓಡಿ ಬಂದ್ವು. ಅವುಗಳ ಕೈ ಅಳೆದು ಮಾಡಿಸಿದ ಬಳೆ ದೊಡ್ಡ ಹೆಂಗಸರ ಬೆರಳೇ ದಾಟಲಿಲ್ಲ. ಹರಳೆಣ್ಣೆ ಹಚ್ಚಿ ನೂಕಿದ್ರೂ ಚಟ್ ಚಟ್. ಬಳೆ ಒಡೆಯೋ ಸದ್ದು ಬಸುರಿಗೆ ಕೇಳಬಾರದು ಅಂತ ರಾಣಿ ಮಗಳ ಕಿವಿಗೆ ಹತ್ತಿ ತುರುಕಿದಳಂತೆ.

ಮೂರನೆಯವನು ಭಾರೀ ಜಾಣ. ಒಬ್ಬರನ್ನೂ ಬಿಡದೆ ಅಳೀತೀನಿ ಅಂತ ಹೊರಟೋನು, ತಿಂಗಳುಗಳಾದ್ರೂ ಮೊದಲನೇ ಊರಲ್ಲೇ ಇದ್ದನಂತೆ. ಇತ್ತ ಹೊನ್ನಾಜಿಗೆ ಹೊಟ್ಟೆ ಮುಂದೆ ಬಂತು, ಮುಖ ಬಾಡಿ ಹೋಯ್ತು. ಪಾಪ, ಹೇಳೋವಾಗಲೇ ನಂಗೆ ಸಂಕಟ ಆಗುತ್ತೆ.

ಕೊನೆಗೆ ಅವಳೇ ಸಿಟ್ಟಿಗೆದ್ದು, ಈ ಅಣ್ಣಂದಿರನ್ನ ನಂಬಿದ್ರೆ ನನ್ನ ಮಗುಗೇ ಮೊಮ್ಮಕ್ಕಳಾಗ್ತವೆ ಅಂತ, ಕಂಕುಳಲ್ಲಿ ಒಂದು ಕೋಳಿ ಇಟ್ಕೊಂಡು ಗಾಡಿ ಹತ್ತಿದಳಂತೆ. ಗುಡ್ಡದ ಕಡೆ ಒಂದೂರು, ಹೊಳೆ ಕಡೆ ಒಂದೂರು, ಬಯಲು ಕಡೆ ಒಂದೂರು. ಒಂದೊಂದು ಕೇರಿಗೂ ಹೋಗಿ ಕೋಳಿ ಬಿಡೋದು. ಅದು ಯಾವ ಮನೆಗೆ ನುಗ್ಗುತ್ತೋ ಅಲ್ಲಿ ಮುದುಕಿಯಿಂದ ಲಂಗದ ಹುಡುಗಿ ತನಕ ಎಲ್ಲರ ಕೈ ಅಳೆಯೋದು.

ಕೋಳಿ ಕಾಳಿರೋ ಮನೆಗೇ ಹೋಗಲ್ವಾ ಅಜ್ಜಿ ಅಂತೀಯಾ? ಅದಕ್ಕೇ ಅವಳು ಮೊದಲೇ ಹೊಟ್ಟೆ ಬಿರಿಯೋ ಹಾಗೆ ರಾಗಿ ತಿನ್ನಿಸಿದ್ದಳು ಕಣೇ! ಹೊಟ್ಟೆ ತುಂಬಿದ ಕೋಳಿಗೆ ಸಾಹುಕಾರನ ಮನೆ ಆದ್ರೇನು, ಬಡವನ ಮನೆ ಆದ್ರೇನು?

ಆ ಕೈಗಳಲ್ಲಿ ದಪ್ಪ ಎಷ್ಟು, ಸಣ್ಣ ಎಷ್ಟು ಅಂತ ನೋಡ್ಕೊಂಡು, ಅದೇ ಲೆಕ್ಕದಲ್ಲಿ ರಾಜ್ಯಕ್ಕೆಲ್ಲ ಬಳೆ ಮಾಡಿಸಿದಳಂತೆ. ಎಲ್ಲೋ ಒಬ್ಬಿಬ್ಬರಿಗೆ ಸಡಿಲ ಆದ್ರೆ ಪಕ್ಕದ ಮನೆಯೋರ ಹತ್ರ ಬದಲಾಯಿಸ್ಕೊಂಡ್ರು. ಆಮೇಲೆ ಒಂದು ಬೆಳಿಗ್ಗೆ ಎಲ್ಲರೂ ಕೈ ಎತ್ತಿ ಘಲ್ ಅನ್ನಿಸಿದ್ರಂತೆ. ಹೊನ್ನಾಜಿ ಅತ್ತಳಂತೆ, ನಕ್ಕಳಂತೆ, ಹೋಳಿಗೆ ತಟ್ಟೆ ಎಳ್ಕೊಂಡು ಅಣ್ಣಂದಿರಿಗೆ ಒಂದೂ ಉಳಿಸದೆ ತಿಂದಳಂತೆ.

ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕೋ ದಿನ ನೋಡಿದ್ರೆ, ರಾಜ್ಯದ ಯಾವ ಬಳೆಯೂ ಅದರ ಕೈಗೆ ಆಗಲಿಲ್ಲ! ಎಳೇಮಕ್ಕಳ ಕೈನೂ ನೋಡು ಅಂತ ಕೋಳಿಗೆ ಯಾರು ಹೇಳಿದ್ರು? ಮೂರು ಜನ ಸೋದರಮಾವಂದಿರೂ ದಾರ ಹಿಡ್ಕೊಂಡು ನಾನು ತಾನು ಅಂತ ಓಡಿ ಬಂದ್ರಂತೆ. ಅಳೀಬೇಕಾದ್ದು ಒಂದೇ ಮಗು ನೋಡು, ಈ ಸಲ ಯಾರ ಅಳತೆಯೂ ತಪ್ಪಲಿಲ್ಲವಂತೆ.

ಅವರು ಅಲ್ಲಿ ಮಗು ಮಲಗಿಸಿದ್ರು, ಇಲ್ಲಿ ಕತೆ ಮುಗೀತು, ನೀನೂ ಮಲಗು.