ಗಾಣದ ಕಣ್ಣುಪಟ್ಟಿ

ಚನ್ನವೀರಮ್ಮನ ಎಣ್ಣೆಗಾಣಗಳಿಗೆ ಎರಡು ಎತ್ತು: ಕೆಂದ, ಬಿಳಿಯ. ಯಾವ ಎತ್ತು ತನ್ನ ಪಾಲಿನ ಹುಲ್ಲಿನಲ್ಲಿ ಉಳಿಸಿ ಒಂದು ಬಣವೆ ಒಟ್ಟುತ್ತದೋ, ಅದರ ನೊಗವನ್ನು ಮುಪ್ಪಿಗೆ ಮೊದಲೇ ಇಳಿಸಿ ಹುಲ್ಲುಗಾವಲಿಗೆ ಬಿಡುವುದು ಆಕೆಯ ಪದ್ಧತಿ.

ಕೆಂದ ಹುಲ್ಲಿನ ಹೆಚ್ಚು ಪಾಲನ್ನು ಉಳಿಸಿ ಅರೆಹೊಟ್ಟೆಯಲ್ಲಿ ದುಡಿಯಿತು. ಮಧ್ಯಾಹ್ನದ ವಿರಾಮದಲ್ಲೂ ಕಣ್ಣುಪಟ್ಟಿ ಬಿಚ್ಚಿಸಿಕೊಳ್ಳದೆ, ಹೆಚ್ಚಿನ ಹುಲ್ಲಿಗಾಗಿ ಹೆಚ್ಚಿನ ಸುತ್ತು ಹಾಕಿತು. ಬಿಳಿಯ ಮಾತ್ರ ಅರ್ಧ ಹುಲ್ಲು ಉಳಿಸಿತು, ಉಳಿದರ್ಧವನ್ನು ನಿಧಾನವಾಗಿ ಅಗಿದು ತಿಂದಿತು. ಮಧ್ಯಾಹ್ನ ಪಟ್ಟಿ ಬಿಚ್ಚಿಸಿಕೊಂಡು, ಎಳ್ಳಿನ ವಾಸನೆ ಹೀರುತ್ತಾ, ಬೇಲಿಯಾಚೆಯ ಹೊಳೆ ನೋಡುತ್ತಾ ನಿಲ್ಲುತ್ತಿತ್ತು.

“ಹೀಗೆ ನಿಂತರೆ ನಿನ್ನ ಬಣವೆ ಎದ್ದ ಹಾಗೇ,” ಎಂದಿತು ಕೆಂದ.

“ಅದು ತಡವಾಗಿ ಏಳಲಿ. ಈ ಮಧ್ಯಾಹ್ನವನ್ನು ಬಣವೆಯಲ್ಲಿ ಒಟ್ಟಿಡಲು ಬರುವುದಿಲ್ಲ,” ಎಂದಿತು ಬಿಳಿಯ.

ಕೆಂದನ ಬಣವೆ ಎರಡು ವರ್ಷ ಮೊದಲೇ ಎದ್ದಿತು. ಚನ್ನವೀರಮ್ಮ ಕೊಟ್ಟ ಮಾತಿನಂತೆ ಕೆಂದನನ್ನು ಹುಲ್ಲುಗಾವಲಿಗೆ ಬಿಟ್ಟಳು.

ಬಿಳಿಯ ತನ್ನ ಬಣವೆಯೂ ಎದ್ದು ಸರದಿ ಬಂದ ದಿನ ಬಾಲ ಎತ್ತಿಕೊಂಡು ನೆಗೆಯುತ್ತಾ ಹುಲ್ಲುಗಾವಲಿಗೆ ಬಂತು. ಅಲ್ಲಿ ಮೊಣಕಾಲೆತ್ತರದ ಹುಲ್ಲಿನ ನಡುವೆ ಕೆಂದ ಕಣ್ಣು ಮುಚ್ಚಿಕೊಂಡು ಸುತ್ತುತ್ತಲೇ ಇತ್ತು. ಕಾಲಡಿಯಲ್ಲಿ ಗಾಣದಷ್ಟೇ ಅಗಲದ ದಾರಿ ಸವೆದು ಮಣ್ಣಾಗಿತ್ತು.

“ಇನ್ನೆಷ್ಟು ಸುತ್ತು ಬಾಕಿ?” ಎಂದು ಅದು ಕೇಳಿತು.

ಬಿಳಿಯ ಅದನ್ನು ಕೊಂಬಿನಿಂದ ತಿವಿದು ದಾರಿಯಿಂದಾಚೆ ತಳ್ಳಿತು. ಕೆಂದ ಮುಗ್ಗರಿಸಿ ಕಣ್ಣು ಬಿಟ್ಟಿತು. ಎದುರಿಗೇ ಅದೇ ಹೊಳೆ.

“ಇದು ಯಾವಾಗಿನಿಂದ ಇಲ್ಲಿದೆ?”

“ನೀನು ಪಟ್ಟಿ ಬಿಚ್ಚಿಸಿಕೊಳ್ಳದ ಮೊದಲ ಮಧ್ಯಾಹ್ನದಿಂದಲೂ,” ಎನ್ನುತ್ತಾ ಬಿಳಿಯ ಒಂದೂ ಸುತ್ತು ಹಾಕದೆ ನೆಟ್ಟಗೆ ನಡೆದು ನೀರಿಗಿಳಿಯಿತು. ಕೆಂದ ಅದರ ಹಿಂದೆಯೇ ಓಡಿತು.